ಡೇಟಾ ಸರಿಮಾಡುವ ಹುಡುಗರಿಗೆ ಯಾರಾದರೂ ಕಾರಣ ಹೇಳಿ

(ಗಣಿತ ಮತ್ತು ಸಂಖ್ಯಾಶಾಸ್ತ್ರ ಓದುತ್ತಿರುವ ಪದವಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಸರ್ಕಾರಿ ನೌಕರರಿದ್ದಾರೆ? ಸುಮಾರು ಜನ ಕೈ ಎತ್ತಿದ್ದೀರಿ. ಹಾಗಾದರೆ ಅಪ್ಪನದೋ ಅಮ್ಮನದೋ ಸಂಬಳದ ಚೀಟಿಯಲ್ಲಿ ಕೆಜಿಐಡಿ ಅಂತ ಒಂದು ಕಡಿತ ನೋಡಿರುತ್ತೀರಿ. 1891ರಲ್ಲಿ ಮೈಸೂರು ಸಂಸ್ಥಾನ ತನ್ನ ನೌಕರರಿಗಾಗಿ ಶುರುಮಾಡಿದ ಜೀವವಿಮೆ ಅದು. ಇವತ್ತಿಗೂ ನಡೆಯುತ್ತಿದೆ. ಇಪ್ಪತ್ತು ಮೂವತ್ತು ವರ್ಷ ಆದ ಮೇಲೆ ಕೊಡಬೇಕಾದ ದುಡ್ಡಿಗೆ ಇವತ್ತು ಎಷ್ಟು ಎತ್ತಿಡಬೇಕು? ಎತ್ತಿಟ್ಟ ಮೇಲೆ ಉಳಿದರೆ ಬೋನಸ್ ಎಷ್ಟು ಕೊಡಬಹುದು? ಈ ಲೆಕ್ಕ ಹಾಕುವವರೇ ಆಕ್ಚುವರಿಗಳು.

ಈ ವೃತ್ತಿಯ ಬಗ್ಗೆ ನೀವು ಕೇಳಿರುವುದೆಲ್ಲ ಒಳ್ಳೆಯ ಮಾತೇ ಇರುತ್ತದೆ. ಒಳ್ಳೆಯ ಸಂಬಳ, ಒಳ್ಳೆಯ ಹೆಸರು, ಗಣಿತಕ್ಕೆ ಬೆಲೆ. ಅದರಲ್ಲಿ ಸುಳ್ಳಿಲ್ಲ. ಆದರೆ ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ಏನು ಮಾಡುತ್ತೀರಿ ಅಂತ ಯಾರೂ ಹೇಳುವುದಿಲ್ಲ. ನಾನು ಇವತ್ತು ಅದನ್ನೇ ಹೇಳಲು ಬಂದಿದ್ದೇನೆ.

ಮೊದಲ ಎರಡು ವರ್ಷ ನೀವು ಡೇಟಾ ಸರಿಮಾಡುತ್ತೀರಿ. ಕಳೆದ ತ್ರೈಮಾಸಿಕದ ಎಕ್ಸೆಲ್ ಫೈಲನ್ನು ಕಾಪಿ ಮಾಡಿ, ದಿನಾಂಕ ಬದಲಿಸಿ, ಹೊಸ ಅಂಕಿ ಅಂಟಿಸುತ್ತೀರಿ. ಕಚೇರಿಗಳಲ್ಲಿ ಇದಕ್ಕೆ ರೋಲ್ ಫಾರ್ವರ್ಡ್ ಅನ್ನುತ್ತಾರೆ. ಈ ಫೈಲಿನ ಮೊತ್ತ ಆ ಫೈಲಿನ ಮೊತ್ತಕ್ಕೆ ಹೊಂದುತ್ತದಾ ಅಂತ ನೋಡುತ್ತೀರಿ. ಹೊಂದದಿದ್ದರೆ ಯಾಕೆ ಅಂತ ಹುಡುಕುತ್ತೀರಿ. ವರದಿಯ ಕೋಷ್ಟಕದಲ್ಲಿ ದಶಮಾಂಶ ಸರಿ ಇದೆಯಾ, ಪುಟಸಂಖ್ಯೆ ಸರಿ ಇದೆಯಾ ನೋಡುತ್ತೀರಿ. ಸಂಭವನೀಯತೆ, ಸರ್ವೈವಲ್ ಮಾಡೆಲ್, ಸ್ಟೊಕಾಸ್ಟಿಕ್ ಪ್ರೊಸೆಸ್ ಎಲ್ಲ ಓದಿಕೊಂಡು ಬಂದವರಿಗೆ ಇದು ಕತ್ತೆ ಚಾಕರಿ ಅನ್ನಿಸುತ್ತದೆ. ಅನ್ನಿಸುವುದು ಸಹಜ. ಬೆಂಗಳೂರಿನಲ್ಲಿ ಆಗಲಿ, ಗುರುಗ್ರಾಮ, ಮುಂಬೈಯಲ್ಲಾಗಲಿ, ಹೊಸಬರು ಊಟದ ಹೊತ್ತಿಗೆ ಸೇರಿದರೆ ಮಾತಾಡುವುದು ಇದನ್ನೇ.

ಈ ಕೆಲಸದ ಪರವಾಗಿ ವಾದ ಮಾಡಲು ನಾನು ಬಂದಿಲ್ಲ. ವಿರುದ್ಧವಾಗಿಯೂ ಅಲ್ಲ. ಇದೇ ಕೆಲಸ ಒಬ್ಬರಿಗೆ ವೃತ್ತಿಯನ್ನೇ ಕಲಿಸುತ್ತದೆ, ಇನ್ನೊಬ್ಬರ ಎರಡು ವರ್ಷವನ್ನು ತಿಂದುಹಾಕುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಕೆಲಸ ಕೊಟ್ಟವರು ಅದರ ಕಾರಣ ಹೇಳಿದರಾ ಇಲ್ಲವಾ ಅನ್ನುವುದರಿಂದ ಬರುತ್ತದೆ ಅಂತ ನಾನು ನಂಬಿದ್ದೇನೆ. ಉದಾಹರಣೆಗಳನ್ನೇ ನೋಡೋಣ.

ಗ್ರಾಚ್ಯುಟಿ ಲೆಕ್ಕ ತೆಗೆದುಕೊಳ್ಳಿ. ಹೊಸಬರ ಕೈಗೆ ಮೊದಲು ಬರುವ ಕೆಲಸಗಳಲ್ಲಿ ಇದೂ ಒಂದು. ಒಂದು ಕಂಪನಿ ತನ್ನ ನೌಕರರಿಗೆ ಮುಂದೆ ಕೊಡಬೇಕಾದ ಗ್ರಾಚ್ಯುಟಿಯ ಇವತ್ತಿನ ಮೌಲ್ಯವನ್ನು ತನ್ನ ಲೆಕ್ಕಪತ್ರದಲ್ಲಿ ತೋರಿಸಬೇಕು. 2025ರ ನವೆಂಬರ್‌ವರೆಗೆ ಇದ್ದ 1972ರ ಕಾಯ್ದೆಯ ಲೆಕ್ಕ ಸುಲಭ. ಕೊನೆಯ ತಿಂಗಳ ಸಂಬಳ, ಇಂಟು 15/26, ಇಂಟು ಸೇವೆಯ ವರ್ಷ. ಕೊನೆಯ ವರ್ಷ ಆರು ತಿಂಗಳು ದಾಟಿದ್ದರೆ ಅದನ್ನೂ ಪೂರ್ತಿ ವರ್ಷ ಅಂತ ಹಿಡಿಯಬೇಕು. ಆ ಕಾಯ್ದೆಯಲ್ಲಿ ಸಾವು, ಅಂಗವೈಕಲ್ಯ ಬಿಟ್ಟರೆ ಉಳಿದಂತೆ ಐದು ವರ್ಷ ಸತತ ಸೇವೆ ಆಗಿರಬೇಕಿತ್ತು. 2018ರ ಮಾರ್ಚ್‌ನಿಂದ ಗರಿಷ್ಠ ಮಿತಿ 20 ಲಕ್ಷ. ಇದನ್ನು ಇಟ್ಟುಕೊಂಡು, ಯಾರು ಯಾವ ವಯಸ್ಸಿಗೆ ಬಿಟ್ಟು ಹೋಗಬಹುದು, ಯಾರು ತೀರಿಕೊಳ್ಳಬಹುದು, ಸಂಬಳ ಎಷ್ಟು ಏರಬಹುದು ಅಂತ ಅಂದಾಜು ಸೇರಿಸಿ, ಬಡ್ಡಿಯ ಲೆಕ್ಕದಲ್ಲಿ ಹಿಂದಕ್ಕೆ ತರುತ್ತೇವೆ. ಸೂತ್ರವನ್ನು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಕಷ್ಟ ಇರುವುದು ಕಂಪನಿ ಕಳಿಸುವ ಫೈಲಿನಲ್ಲಿ.

ಆ ಫೈಲಿನಲ್ಲಿ ಏನೇನಿರುತ್ತದೆ ಗೊತ್ತಾ? ಕೆಲವರ ಸಂಬಳ ತಿಂಗಳದ್ದು, ಕೆಲವರದು ವರ್ಷದ್ದು. ಗಮನಿಸದೆ ಹೋದರೆ ಒಬ್ಬನ ಹೊಣೆ ಹನ್ನೆರಡು ಪಟ್ಟಾಗುತ್ತದೆ. ಖಾಲಿ ಬಿಟ್ಟ ಹುಟ್ಟಿದ ದಿನಾಂಕ 1900ರ ಜನವರಿಯಾಗಿ ಕಾಣಿಸುತ್ತದೆ. ಎಕ್ಸೆಲ್‌ನ ದಿನಾಂಕ ಶುರುವಾಗುವುದೇ ಅಲ್ಲಿಂದ. ಹಾಗೆಯೇ ಬಿಟ್ಟರೆ ನೂರಿಪ್ಪತ್ತು ದಾಟಿದ ನೌಕರರೊಬ್ಬರು ನಿಮ್ಮ ಲೆಕ್ಕದಲ್ಲಿ ಕೆಲಸ ಮಾಡುತ್ತಿರುತ್ತಾರೆ. ಕಳೆದ ವರ್ಷ ಒಂದು ದಿನ ಸೇರಿದವರು ಈ ವರ್ಷ ಬೇರೆ ದಿನ ಸೇರಿರುತ್ತಾರೆ. ಕಳೆದ ವರ್ಷದ ಪಟ್ಟಿಯಲ್ಲಿ ಇದ್ದವರು ಈ ವರ್ಷದ ಪಟ್ಟಿಯಲ್ಲೂ ಇಲ್ಲ, ಬಿಟ್ಟವರ ಪಟ್ಟಿಯಲ್ಲೂ ಇಲ್ಲ.

ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಒಬ್ಬ ಹುಡುಗಿಗೆ ಇಂಥ ಒಂದು ಫೈಲು ಕೊಟ್ಟಿದ್ದೆವು. ಉತ್ತರ ಕರ್ನಾಟಕದ ಸಣ್ಣ ಊರಿನವಳು. ಅವಳು ಬಂದು ಕೇಳಿದ್ದು ಇಷ್ಟು: ಸರ್, ಈ ಕಂಪನಿಯ ಕಾರ್ಖಾನೆ ನಮ್ಮ ರಾಜ್ಯದಲ್ಲೇ ಇದೆ, ಆದರೆ ಜೂನ್ 1ರಂದು ಹುಟ್ಟಿದವರು ಒಬ್ಬರೂ ಇಲ್ಲ, ಜನವರಿ 6ರಂದು ಹುಟ್ಟಿದವರು ರಾಶಿ ರಾಶಿ ಇದ್ದಾರೆ, ಯಾಕೆ?

ನೀವು ನಗುತ್ತಿದ್ದೀರಿ, ಅಂದರೆ ನಿಮಗೆ ಗೊತ್ತಾಯಿತು. ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಬಿಡುತ್ತಿದ್ದರು. ಹುಟ್ಟಿದ ತಾರೀಕು ಸರಿಯಾಗಿ ಗೊತ್ತಿಲ್ಲದ ಒಂದು ತಲೆಮಾರಿಗೇ ಅದು ಹುಟ್ಟುಹಬ್ಬ. ಹಾಗಾಗಿ ಕರ್ನಾಟಕದ ಹಿರಿಯ ನೌಕರರ ಯಾವ ಪಟ್ಟಿ ತೆಗೆದರೂ ಜೂನ್ 1 ಎದ್ದು ಕಾಣಬೇಕು. ಅದು ಜನವರಿ 6ಕ್ಕೆ ಹೋಗಿದೆ ಅಂದರೆ ಎಲ್ಲೋ ಒಂದು ಕಂಪ್ಯೂಟರ್ 01/06 ಅನ್ನುವುದನ್ನು ಅಮೆರಿಕದ ಪದ್ಧತಿಯಲ್ಲಿ, ತಿಂಗಳು ಮೊದಲು ಅಂತ ಓದಿದೆ.

ಹುಟ್ಟಿದ ದಿನಾಂಕ ಐದು ತಿಂಗಳು ಆಚೀಚೆ ಆದರೆ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಆದರೆ ಅದೇ ಫೈಲಿನಲ್ಲಿ ಕೆಲಸಕ್ಕೆ ಸೇರಿದ ದಿನಾಂಕವೂ ಹೀಗೇ ತಿರುಗಿತ್ತು. 2019ರ ಡಿಸೆಂಬರ್ 1ರಂದು ಸೇರಿದವರು 2019ರ ಜನವರಿ 12ರಂದು ಸೇರಿದ ಹಾಗೆ ಕಾಣುತ್ತಿದ್ದರು. 2024ರ ಮಾರ್ಚ್ 31ಕ್ಕೆ ಲೆಕ್ಕ ಹಾಕಿ ನೋಡಿ. ನಿಜವಾದ ಸೇವೆ ನಾಲ್ಕು ವರ್ಷ ನಾಲ್ಕು ತಿಂಗಳು. ಫೈಲಿನ ಪ್ರಕಾರ ಐದು ವರ್ಷ ದಾಟಿದೆ. ಇನ್ನೂ ಹಕ್ಕು ಬಾರದವರಿಗೆ ಹಕ್ಕು ಬಂದುಬಿಟ್ಟಿದೆ. ಎಲ್ಲ ದಿನಾಂಕಗಳೂ ತಿರುಗಿರಲಿಲ್ಲ ಅನ್ನುವುದು ಇನ್ನೊಂದು ತೊಡಕು. 12ಕ್ಕಿಂತ ದೊಡ್ಡ ತಾರೀಕು ಇದ್ದರೆ ತಿಂಗಳಾಗಿ ಓದಲು ಆಗುವುದಿಲ್ಲ, ಅವು ಬಚಾವಾಗಿದ್ದವು. ಅರ್ಧ ಸರಿ ಅರ್ಧ ತಪ್ಪು ಇರುವ ಫೈಲು ಪೂರ್ತಿ ತಪ್ಪಿರುವ ಫೈಲಿಗಿಂತ ಅಪಾಯ, ಅಲ್ವಾ? ಸರಾಸರಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ನೂರು ವರ್ಷ ದಾಟಿದವರನ್ನು, ಹದಿನೆಂಟು ತುಂಬದವರನ್ನು ಹಿಡಿಯುವ ಪರೀಕ್ಷೆಗಳು ನಮ್ಮ ಟೆಂಪ್ಲೇಟಿನಲ್ಲಿ ಇದ್ದವು. ಜನವರಿ 6ನ್ನು ಹಿಡಿಯುವ ಪರೀಕ್ಷೆ ಇರಲಿಲ್ಲ. ಅವಳಿಗೆ ಅದು ಕಂಡದ್ದು ಹೇಗೆ? ತನ್ನ ಊರಿನ ಜನ ಗೊತ್ತಿದ್ದರು ಅನ್ನುವುದು ಒಂದು ಕಾರಣ. ಆದರೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಕಾರಣ ಇದೆ. ಫೈಲು ಕೊಡುವ ಮೊದಲು ಅವಳ ಮೇಲಿನವರು ಅರ್ಧ ಗಂಟೆ ಕೂತು, ಈ ಒಂದೊಂದು ಕಾಲಂ ಕೊನೆಯ ಮೊತ್ತವನ್ನು ಹೇಗೆ ಬದಲಿಸುತ್ತದೆ ಅಂತ ತೋರಿಸಿದ್ದರು. ಸೇರಿದ ದಿನಾಂಕಕ್ಕೆ ಎಷ್ಟು ಬೆಲೆ ಅಂತ ಗೊತ್ತಿದ್ದರಿಂದ ಅವಳು ದಿನಾಂಕಗಳನ್ನು ನಿಜವಾಗಿ ನೋಡಿದಳು. ಸುಮ್ನೆ "ಚೆಕ್ ಮಾಡು" ಅಂತ ಫೈಲು ತಳ್ಳಿದ್ದರೆ ಪರೀಕ್ಷೆಗಳನ್ನು ಓಡಿಸಿ, ಹಸಿರು ಬಣ್ಣ ಬಂತು ಅಂತ ಮುಗಿಸುತ್ತಿದ್ದಳು. ಯಾರೇ ಆದರೂ ಹಾಗೇ ಮಾಡುತ್ತಿದ್ದರು.

ಇನ್ನೊಂದು ಕೆಲಸ ವಾಹನ ವಿಮೆಯದು. ಅಪಘಾತದಲ್ಲಿ ಮೂರನೆಯವರಿಗೆ ಆದ ನಷ್ಟದ ಪರಿಹಾರ ವರ್ಷಗಟ್ಟಲೆ ಎಳೆಯುತ್ತದೆ. ಟ್ರಿಬ್ಯೂನಲ್, ಆಮೇಲೆ ಹೈಕೋರ್ಟ್. ಹಾಗಾಗಿ ಈ ವರ್ಷದ ಅಪಘಾತಗಳಿಗೆ ಮುಂದಿನ ಹತ್ತು ವರ್ಷದಲ್ಲಿ ಎಷ್ಟು ಕೊಡಬೇಕಾಗಬಹುದು ಅಂತ ವಿಮಾ ಕಂಪನಿ ಇವತ್ತೇ ಅಂದಾಜು ಮಾಡಿ ಎತ್ತಿಡಬೇಕು. ಇದಕ್ಕೆ ಒಂದು ತ್ರಿಕೋನದ ಕೋಷ್ಟಕ ಮಾಡುತ್ತಾರೆ. ಒಂದು ಬದಿಯಲ್ಲಿ ಅಪಘಾತ ಆದ ವರ್ಷ, ಇನ್ನೊಂದು ಬದಿಯಲ್ಲಿ ಆಮೇಲೆ ಕಳೆದ ವರ್ಷಗಳು. ಒಳಗೆ ಕೊಟ್ಟ ಪರಿಹಾರದ ಮೊತ್ತ. ಹೊಸದಾಗಿ ಬಂದ ಅಂಕಿಗಳು ಈ ತ್ರಿಕೋನದ ಅಂಚಿನಲ್ಲಿ ಓರೆಯಾಗಿ ಕೂರುತ್ತವೆ, ಅದೇ ಓರೆಸಾಲು (ಡಯಾಗನಲ್). ಪ್ರತಿ ತ್ರೈಮಾಸಿಕ ಹೊಸ ಓರೆಸಾಲೊಂದನ್ನು ಅಂಟಿಸುವುದು ಹೊಸಬರ ಕೆಲಸ. ನೋಡಲು ಇದಕ್ಕಿಂತ ಬೇಸರದ ಕೆಲಸ ಇಲ್ಲ.

2020ರಲ್ಲಿ ಲಾಕ್‌ಡೌನ್ ಆಯಿತು. ಕೋರ್ಟುಗಳು ಮುಚ್ಚಿದವು. ಪರಿಹಾರದ ಆದೇಶಗಳು ನಿಂತವು. ಓರೆಸಾಲಿನ ಅಂಕಿಗಳು ಕುಸಿದವು. ಸೂತ್ರಕ್ಕೆ ಕೋರ್ಟು ಗೊತ್ತಿಲ್ಲ. ಪರಿಹಾರ ಕಡಿಮೆಯಾಯಿತು, ಎತ್ತಿಡುವುದನ್ನು ಕಡಿಮೆ ಮಾಡಿ ಅಂತ ಅದು ಹೇಳುತ್ತದೆ. ಆದರೆ ಆ ಕೇಸುಗಳು ಎಲ್ಲಿಗೂ ಹೋಗಿಲ್ಲ, ಬಾಕಿ ಇವೆ ಅಷ್ಟೇ. ಇದಕ್ಕೆ ಉಲ್ಟಾ ಕೂಡ ಆಗುತ್ತದೆ. ಲೋಕ್ ಅದಾಲತ್ ನಡೆದ ತಿಂಗಳಲ್ಲಿ ಒಂದೇ ಸಲ ರಾಜಿಯಾದ ಕೇಸುಗಳು ಸೇರಿ ಅಂಕಿ ಜಿಗಿಯುತ್ತದೆ. ಈ ಏರಿಳಿತ ಮೊದಲು ಕಾಣುವುದು ಯಾರಿಗೆ? ಫೆಲೋ ಆದವರಿಗಲ್ಲ, ಅಂದರೆ ಪರೀಕ್ಷೆಗಳನ್ನೆಲ್ಲ ಮುಗಿಸಿದ ಹಿರಿಯ ಆಕ್ಚುವರಿಗಳಿಗಲ್ಲ, ಅವರು ಕೊನೆಯ ಸಾರಾಂಶ ನೋಡುತ್ತಾರೆ. ಅಂಕಿ ಅಂಟಿಸುವ ಹುಡುಗನಿಗೆ ಕಾಣುತ್ತದೆ. ಕಂಡದ್ದನ್ನು ಅವನು ಹೇಳಬೇಕಾದರೆ ಓರೆಸಾಲು ಅಂದರೆ ಏನು ಅಂತ ಅವನಿಗೆ ಯಾರಾದರೂ ಹೇಳಿರಬೇಕು.

ಈ ವೃತ್ತಿ ಹುಟ್ಟಿದ್ದೇ ಹೀಗೆ. 1662ರಲ್ಲಿ ಲಂಡನ್ನಿನ ಬಟ್ಟೆ ವ್ಯಾಪಾರಿ ಜಾನ್ ಗ್ರಾಂಟ್ ಊರಿನ ಸಾವಿನ ಪಟ್ಟಿಗಳನ್ನು ಇಟ್ಟುಕೊಂಡು, ಯಾವ ವಯಸ್ಸಿಗೆ ಎಷ್ಟು ಜನ ಉಳಿಯುತ್ತಾರೆ ಅಂತ ಮೊದಲ ಬಾರಿ ಅಂದಾಜು ಮಾಡಿದ. ಆ ಪಟ್ಟಿಗಳನ್ನು ತುಂಬಿದವರು ಯಾರು? ಹೆಣ ನೋಡಿ ಸಾವಿಗೆ ಕಾರಣ ಹೇಳಲು ಚರ್ಚಿನವರು ನೇಮಿಸಿದ್ದ ಬಡ ಮುದುಕಿಯರು. ಒಂದು ಹೆಣಕ್ಕೆ ಕೆಲವು ಪೆನ್ನಿ ಕೂಲಿ. ಪ್ಲೇಗ್ ಬಂದ ಮನೆಗೂ ಹೋಗಬೇಕಿತ್ತು. ಮನೆಯವರು ಲಂಚ ಕೊಟ್ಟು ನಾಚಿಕೆಯ ರೋಗಗಳ ಹೆಸರು ಬದಲಿಸುತ್ತಾರೆ ಅಂತ ಗ್ರಾಂಟ್‌ಗೆ ಅನುಮಾನ ಇತ್ತು, ಅದನ್ನು ಬರೆದೂ ಇಟ್ಟ. ಅಂದರೆ ಡೇಟಾ ಎಲ್ಲಿಂದ ಬಂತು, ತುಂಬಿದವರು ಯಾರು, ಅವರಿಗೆ ತಪ್ಪು ಬರೆಯಲು ಕಾರಣ ಇತ್ತಾ ಅಂತ ಅವನು ಮೊದಲ ದಿನವೇ ಕೇಳಿದ. ನಾವು ಭಾರತದಲ್ಲಿ ಇವತ್ತು ಬಳಸುವ 2012–14ರ ಮರಣ ಕೋಷ್ಟಕದ ಹಿಂದೆಯೂ ವಿಮಾ ಕಚೇರಿಗಳಲ್ಲಿ ಕೂತು ಒಂದೊಂದು ಸಾವಿನ ಕ್ಲೇಮನ್ನು ದಾಖಲಿಸಿದ ಗುಮಾಸ್ತರಿದ್ದಾರೆ. ಅವರ ಹೆಸರು ಎಲ್ಲೂ ಬರುವುದಿಲ್ಲ. ಆದರೆ ಅವರ ಕೆಲಸ ಕೀಳು ಅಂತ ಹೇಳುವ ಯೋಗ್ಯತೆ ನಮ್ಮಲ್ಲಿ ಯಾರಿಗೂ ಇಲ್ಲ.

ಚೆಕ್ ಮಾಡುವ ಕೆಲಸದ ಬಗ್ಗೆ ಒಂದು ಮಾತು. ಥಾಮಸ್ ಹರ್ನ್‌ಡನ್ ಅಂತ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಪ್ರಕಟವಾದ ಒಂದು ಪ್ರಬಂಧದ ಲೆಕ್ಕವನ್ನು ಮತ್ತೆ ಮಾಡಿ ನೋಡಿ ಅಂತ ತರಗತಿಯಲ್ಲಿ ಹೋಂವರ್ಕ್ ಕೊಟ್ಟಿದ್ದರು. ಅವನು ಆರಿಸಿಕೊಂಡದ್ದು ಹಾರ್ವರ್ಡ್‌ನ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಅವರ 2010ರ ಪ್ರಬಂಧ. ಸರ್ಕಾರದ ಸಾಲ ಜಾಸ್ತಿಯಾದರೆ ಬೆಳವಣಿಗೆ ಕುಸಿಯುತ್ತದೆ ಅಂತ ಹಲವು ದೇಶಗಳ ನಾಯಕರು ಅದನ್ನು ಎತ್ತಿ ಹೇಳುತ್ತಿದ್ದರು. ಇವನಿಗೆ ಆ ಉತ್ತರ ಬರಲೇ ಇಲ್ಲ. ಕೊನೆಗೆ ಮೂಲ ಎಕ್ಸೆಲ್ ಫೈಲನ್ನೇ ಕೇಳಿ ತರಿಸಿಕೊಂಡ. ಸರಾಸರಿಯ ಸೂತ್ರದಲ್ಲಿ ಐದು ದೇಶಗಳ ಸಾಲುಗಳು ಬಿಟ್ಟುಹೋಗಿದ್ದವು. ಅದನ್ನೂ ಜೊತೆಗಿದ್ದ ಇನ್ನೆರಡು ದೋಷಗಳನ್ನೂ ಸರಿಮಾಡಿದಾಗ ಹೆಚ್ಚು ಸಾಲ ಇದ್ದ ದೇಶಗಳಲ್ಲಿ ಮೈನಸ್ 0.1 ಶೇಕಡಾ ಅಂತ ಇದ್ದ ಸರಾಸರಿ ಬೆಳವಣಿಗೆ 2.2 ಶೇಕಡಾ ಆಯಿತು. 2013ರಲ್ಲಿ ಇದು ಜಗತ್ತಿಗೆಲ್ಲ ಸುದ್ದಿ. ಮಾಡಿದ್ದು ಏನು? ಬೇರೆಯವರ ಫೈಲು ತೆರೆದು ಸೂತ್ರ ಯಾವ ಸಾಲಿನಿಂದ ಯಾವ ಸಾಲಿಗೆ ಹೋಗಿದೆ ಅಂತ ನೋಡಿದ್ದು. ನೀವು ಪ್ರತಿದಿನ ಮಾಡುವ ಕೆಲಸ ಅದು.

ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಎಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಪಾಸಾಗಿ ಭಾರತದ ಆಕ್ಚುವರಿಗಳ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿ ಸದಸ್ಯರಾಗುತ್ತೀರಿ. 2019ರ ಪಠ್ಯಕ್ರಮದ ಪ್ರಕಾರ ಫೆಲೋ ಆಗಲು 13 ಪೇಪರು. ಓದುತ್ತಲೇ ಕೆಲಸ ಮಾಡಬೇಕು. ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ, ಏಪ್ರಿಲ್ ಪೂರ್ತಿ ವ್ಯಾಲ್ಯುಯೇಷನ್ ಕಾಲ, ಅದರ ಬೆನ್ನಿಗೇ ಪರೀಕ್ಷೆ. ಒಳ್ಳೆಯ ಕಂಪನಿಗಳು ಸ್ಟಡಿ ಲೀವ್ ಕೊಡುತ್ತವೆ, ಫೀಸು ಕಟ್ಟುತ್ತವೆ, ಪೇಪರು ಪಾಸಾದರೆ ಸಂಬಳವನ್ನೂ ಏರಿಸುತ್ತವೆ. ಇದು ದೊಡ್ಡ ಸಹಾಯ. ಆದರೆ ಇಷ್ಟಕ್ಕೇ ತರಬೇತಿ ಮುಗಿಯಿತು ಅಂತ ಎಷ್ಟೋ ಕಡೆ ಅಂದುಕೊಂಡಿದ್ದಾರೆ. ಓದಿಗೆ ಇನ್‌ಸ್ಟಿಟ್ಯೂಟು, ದುಡಿಮೆಗೆ ಕಚೇರಿ ಅಂತ ಎರಡು ಪಾಲು. ಎರಡನ್ನೂ ಸೇರಿಸಿ ಹೇಳುವವರು ಇಲ್ಲ. ಸರ್ವೈವಲ್ ಮಾಡೆಲ್ ಬರುವ ಸಿಎಸ್2 ಪೇಪರಿನಲ್ಲಿ ಒಳ್ಳೆಯ ಅಂಕ ತೆಗೆದವನಿಗೆ ತಾನು ಪ್ರತಿದಿನ ಓಡಿಸುವ ಮಾಡೆಲ್ಲಿನಲ್ಲಿ ಅದೇ ಪಾಠ ಕೂತಿದೆ ಅಂತ ಗೊತ್ತಿರುವುದಿಲ್ಲ.

ಇನ್ನೊಂದು ವಿಷಯ ಗಮನಿಸಿ. ಸಿಪಿ2 ಅನ್ನುವ ಪೇಪರಿನಲ್ಲಿ ನೀವು ಸ್ಪ್ರೆಡ್‌ಶೀಟ್ ಮಾಡೆಲ್ ಕಟ್ಟಿ, ಯಾವ ಹಂತದಲ್ಲಿ ಏನು ಮಾಡಿದಿರಿ, ಡೇಟಾದಲ್ಲಿ ಏನು ಪರೀಕ್ಷಿಸಿದಿರಿ ಅಂತ ಬೇರೆಯವರಿಗೆ ಅರ್ಥವಾಗುವ ಹಾಗೆ ಬರೆಯಬೇಕು. ಸಿಪಿ3ರಲ್ಲಿ ಆಕ್ಚುವರಿ ಅಲ್ಲದವರಿಗೆ ವಿಷಯ ತಿಳಿಸಬೇಕು. ಕಚೇರಿಯಲ್ಲಿ ಡಾಕ್ಯುಮೆಂಟೇಶನ್ ಕೊಟ್ಟರೆ ಎಲ್ಲರೂ ಮುಖ ಸಿಂಡರಿಸುತ್ತಾರೆ. ಇನ್‌ಸ್ಟಿಟ್ಯೂಟು ಅದನ್ನೇ ಪರೀಕ್ಷೆ ಮಾಡಿದೆ.

ಈಗ ನನಗೆ ಸಿಟ್ಟು ಬರಿಸುವ ವಿಷಯ. ಹೊರದೇಶದ ಕಂಪನಿಗಳ ಕೆಲಸ ನಮ್ಮ ಊರುಗಳಿಗೆ ಬಂದಿದೆ. ಒಳ್ಳೆಯದೇ. ಆದರೆ ಕೆಲವು ಕಡೆ ಅದು ಬರುವಾಗ ತುಂಡು ತುಂಡಾಗಿ ಬಂದಿದೆ. ಇಪ್ಪತ್ತು ಹಂತದ ಕೆಲಸದಲ್ಲಿ ಏಳನೆಯದರಿಂದ ಹನ್ನೊಂದನೆಯದು ಇಲ್ಲಿ. ಮೊದಲಿನದು ಅಲ್ಲಿ, ಕೊನೆಯದೂ ಅಲ್ಲಿ. ಹಾಗೆ ಮೂರು ವರ್ಷ ಆ್ಯನುಯಿಟಿ (ಪಿಂಚಣಿಯಂಥ) ಪಾಲಿಸಿಗಳ ಮಾಡೆಲ್ ಓಡಿಸಿದ ಹುಡುಗರನ್ನು ನಾನು ಸಂದರ್ಶನ ಮಾಡಿದ್ದೇನೆ. ಗ್ರಾಹಕನಿಗೆ ಆ ಪಾಲಿಸಿಯಲ್ಲಿ ಏನು ಸಿಗುತ್ತದೆ ಅಂತ ಕೇಳಿದರೆ ಉತ್ತರ ಇಲ್ಲ. ದಡ್ಡರಲ್ಲ ಅವರು, ಜಾಣರು. ಯಾರೂ ಅವರಿಗೆ ಪಾಲಿಸಿಯ ಕಾಗದ ತೋರಿಸಿಲ್ಲ. ಅಂತಿಮ ವರದಿ ಕಳಿಸಿಲ್ಲ. ಲಂಡನ್ನಿನ ಕಾಲ್‌ನಲ್ಲಿ ಕೂರಿಸಿಲ್ಲ. ಅವರು ಕಳಿಸಿದ ಫೈಲಿನಲ್ಲಿ ತಪ್ಪಿದ್ದರೆ ಮೇಲಿನವರು ತಾವೇ ತಿದ್ದಿ ಮುಂದೆ ಕಳಿಸಿದ್ದಾರೆ, ಸಮಯ ಉಳಿಯಲಿ ಅಂತ. ಹುಡುಗನಿಗೆ ತಪ್ಪಾದದ್ದೇ ಗೊತ್ತಿಲ್ಲ. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಒಬ್ಬ ಮನುಷ್ಯನ ಇಪ್ಪತ್ತೆರಡರಿಂದ ಇಪ್ಪತ್ತೈದರ ವಯಸ್ಸು ಅದು. ಮತ್ತೆ ಸಿಗುವುದಿಲ್ಲ.

ಇಲ್ಲಿ ಕೂತಿರುವ ಹಿರಿಯರಲ್ಲಿ, ತಂಡ ನಡೆಸುವವರಲ್ಲಿ ನಾನು ಕೇಳುವುದು ಜಾಸ್ತಿ ಏನಲ್ಲ. ಕೆಲಸ ಕೊಡುವಾಗ ಈ ಅಂಕಿ ಕೊನೆಗೆ ಯಾರ ಮೇಜಿಗೆ ಹೋಗುತ್ತದೆ ಅಂತ ಹೇಳಿ. ತಪ್ಪು ಕಂಡರೆ ತಿದ್ದಬೇಡಿ, ವಾಪಸ್ ಕೊಟ್ಟು ಅವರ ಕೈಲೇ ತಿದ್ದಿಸಿ. ಒಂದು ಸಲ ತಡವಾಗುತ್ತದೆ, ಆಗಲಿ. ಸಹಿ ಆದ ವರದಿಯ ಪ್ರತಿ ಅದರಲ್ಲಿ ಕೆಲಸ ಮಾಡಿದ ಎಲ್ಲರಿಗೂ ಹೋಗಲಿ. ಒಂದೇ ಫೈಲನ್ನು ಒಬ್ಬರ ಕೈಲಿ ನಾಲ್ಕನೇ ಸಲ, ಐದನೇ ಸಲ ಓಡಿಸುತ್ತಿದ್ದರೆ ಅದು ತರಬೇತಿ ಅಂತ ಹೇಳಬೇಡಿ.

ಪೈಥಾನ್, ಎಐ ಬಂದ ಮೇಲೆ ಈ ಹೊಣೆ ಇನ್ನೂ ದೊಡ್ಡದಾಗಿದೆ. ಮೊದಲು ಸಾವಿರ ಸಾಲು ಕೈಯಲ್ಲಿ ನೋಡುತ್ತಾ ನೋಡುತ್ತಾ ಹುಡುಗರು ತಾವಾಗಿಯೇ ಏನೋ ಕಲಿಯುತ್ತಿದ್ದರು, ಯಾರೂ ಕಲಿಸದಿದ್ದರೂ. ಈಗ ಒಂದು ಸ್ಕ್ರಿಪ್ಟ್ ಎರಡು ನಿಮಿಷದಲ್ಲಿ ಮುಗಿಸುತ್ತದೆ. ಬೇಸರದ ಕೆಲಸ ಹೋಯಿತು ಅಂತ ನನಗೂ ಸಂತೋಷ. ಆದರೆ ಅದರ ಜೊತೆ ಆ ಕಲಿಕೆಯೂ ಹೋಯಿತು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ವೇತನ ಅಂದರೆ ಏನು ಅನ್ನುವ ವ್ಯಾಖ್ಯೆಯೇ ಬದಲಾಯಿತು. ಗ್ರಾಚ್ಯುಟಿಗೆ ಯಾವ ಭತ್ಯೆ ಸೇರುತ್ತದೆ, ಯಾವುದು ಸೇರುವುದಿಲ್ಲ ಅಂತ ಸಂಬಳದ ಕಾಲಂಗಳನ್ನು ಮತ್ತೆ ಬಿಡಿಸಿ ನೋಡಬೇಕಾಯಿತು. ಹಳೆಯ ಸ್ಕ್ರಿಪ್ಟಿಗೆ ಅದು ತಿಳಿಯುವುದಿಲ್ಲ. ಆ ಕಾಲಂಗಳನ್ನು ಒಂದು ಕಾಲದಲ್ಲಿ ಕೈಯಾರೆ ತಿದ್ದಿದವರಿಗೆ ತಿಳಿಯಿತು. ಅದಕ್ಕೇ ನಾನು ಹೊಸಬರಿಗೆ ಹೇಳುವುದು, ಮೊದಲ ಸಲ ಕೈಯಲ್ಲೇ ಮಾಡಿ, ಎರಡನೇ ಸಲ ಕೋಡ್ ಬರೆಯಿರಿ.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ: ಕಾರಣ ಕೇಳಿದರೆ ಮೇಲಿನವರಿಗೆ ಕಿರಿಕಿರಿ ಆಗುವುದಿಲ್ಲವಾ?

ಆಗಬಹುದು. ಅದಕ್ಕೆ ಕೇಳುವ ರೀತಿ ಇದೆ. "ಇದನ್ನು ಯಾಕೆ ಮಾಡಬೇಕು" ಅಂದರೆ ಜಗಳಕ್ಕೆ ಬಂದ ಹಾಗೆ ಕೇಳಿಸುತ್ತದೆ. "ಈ ಮೊತ್ತ ಕಳೆದ ವರ್ಷಕ್ಕಿಂತ ಏರಿದೆ, ಸಂಬಳದಿಂದಲೋ ಜನ ಜಾಸ್ತಿಯಾದದ್ದರಿಂದಲೋ ಅಂತ ನಾನು ನೋಡಲಾ" ಅಂತ ಕೇಳಿ. ಬೇಡ ಅನ್ನುವವರನ್ನು ನಾನು ಅಷ್ಟಾಗಿ ನೋಡಿಲ್ಲ. ಕ್ವಾರ್ಟರ್ ಎಂಡ್ ರಾತ್ರಿ ಮಾತ್ರ ಕೇಳಬೇಡಿ, ಮುಗಿದ ಮರುವಾರ ಕೇಳಿ.

ಕನ್ನಡ ಮಾಧ್ಯಮದಲ್ಲಿ ಓದಿದ ಒಬ್ಬ ಹುಡುಗಿ ಕೇಳಿದಳು: ಇಂಟರ್‌ವ್ಯೂನಲ್ಲಿ ಕಂಪನಿ ಕಲಿಸುತ್ತದಾ ಇಲ್ಲವಾ ಅಂತ ಹೇಗೆ ತಿಳಿಯುವುದು?

ಇಂಟರ್‌ವ್ಯೂ ಮುಗಿಯುವಾಗ ಏನಾದರೂ ಕೇಳುವುದಿದೆಯಾ ಅಂತ ಕೇಳುತ್ತಾರಲ್ಲ, ಆಗ ಸಂಬಳ ಬಿಟ್ಟು ಇದನ್ನು ಕೇಳಿ. ಕಳೆದ ವರ್ಷ ಸೇರಿದವರು ಈಗ ಯಾವ ಕೆಲಸ ಮಾಡುತ್ತಿದ್ದಾರೆ? ಅವರು ಮಾಡಿದ್ದನ್ನು ಯಾರು ಪರಿಶೀಲಿಸುತ್ತಾರೆ, ಆ ಟಿಪ್ಪಣಿ ಅವರಿಗೆ ಸಿಗುತ್ತದಾ? ಅಂತಿಮ ವರದಿ ಅವರು ನೋಡುತ್ತಾರಾ? ಇಂಗ್ಲಿಷ್ ತಡವರಿಸಿದರೂ ಪರವಾಗಿಲ್ಲ, ಪ್ರಶ್ನೆ ಸರಿ ಇದ್ದರೆ ಎದುರಿನವರಿಗೆ ಗೊತ್ತಾಗುತ್ತದೆ. ಅವರು ಒಬ್ಬ ಹುಡುಗನ ಅಥವಾ ಹುಡುಗಿಯ ಕೆಲಸವನ್ನು ನೆನಪಿಸಿಕೊಂಡು ವಿವರವಾಗಿ ಹೇಳಿದರೆ ಸೇರಿ. "ನಮ್ಮಲ್ಲಿ ತುಂಬಾ ಒಳ್ಳೆಯ ತರಬೇತಿ ಇದೆ" ಅಂತಷ್ಟೇ ಹೇಳಿದರೆ, ಕಳೆದ ವರ್ಷ ಸೇರಿದ ಒಬ್ಬರ ಜೊತೆ ಹತ್ತು ನಿಮಿಷ ಮಾತಾಡಬಹುದಾ ಅಂತ ಕೇಳಿ ನೋಡಿ.